ಬಾಗಿಲಿಗೆ ಅಗಳಿ ಹಾಕುವ ಮುನ್ನ



"ಪರಪ್ರಾಂತದವರು ನಮ್ಮವರ ಅನ್ನವನ್ನು ಕಸಿಯುತ್ತಿರುವರು, ಗಡಿಯ ಬಾಗಿಲಿಗೆ ಅಗಳಿ ಹಾಕಿರಿ" ಎಂಬ ಕೂಗು ನಾಡಿನಲ್ಲಿ ಮತ್ತೆ ಮತ್ತೆ ಏಳುತ್ತಿರುವದು. ಖಾಸಗಿ ಉದ್ಯಮಗಳ ಮೇಲ್ವಿಚಾರಣೆಯ ಹುದ್ದೆಗಳಲ್ಲಿ ನೂರಕ್ಕೆ ೫೦ನ್ನೂ ಉಳಿದವುಗಳಲ್ಲಿ ೭೦ನ್ನೂ ಸ್ಥಾನಿಕರಿಗೆ ಮೀಸಲಿಡುವ ಮಸೂದೆಯನ್ನು ೨೦೨೪ರ ಜುಲೈಯಲ್ಲಿ ನಮ್ಮ ಮಂತ್ರಿಮಂಡಲವು ಒಪ್ಪಿತು; ಉದ್ದಿಮೆದಾರರ ಗದ್ದಲವೆದ್ದೊಡನೆ ತಡೆಹಿಡಿಯಿತು. ಕನ್ನಡಾಭಿಮಾನಿಗಳು ಮರುಗಿದರು. ನಾನೂ ಕನ್ನಡಾಭಿಮಾನಿಯೇ. ಆದರೆ ಯಾದಗಿರಿಯ ಕೋರ್ಟಿನ ಕಟ್ಟೆಯ ಮೇಲೆ ಕುಳಿತವನಿಗೆ ಗಡಿಯು ಬೆಂಗಳೂರಿನವರಿಗೆ ಕಾಣುವಂತೆ ಕಾಣುವದಿಲ್ಲ.

ಶಹಾಪುರ, ಸುರಪುರ, ಯಾದಗಿರಿಯ ಹಳ್ಳಿಗಳಲ್ಲಿ ಸುಗ್ಗಿ ಮುಗಿಯಿತೆಂದರೆ ಗುಳೆಯ ಕಾಲ. ಮೇಸ್ತ್ರಿಯು ಕೊಟ್ಟ ಮುಂಗಡವನ್ನು ಹಳೆಯ ಸಾಲಕ್ಕೆ ಸುರಿದು, ಗಂಟುಮೂಟೆ ಕಟ್ಟಿಕೊಂಡು ಮುಂಬಯಿ, ಪುಣೆ, ಗೋವೆ, ಹೈದರಾಬಾದುಗಳಿಗೆ ಹೊರಡುವರು. ಮನೆಯಲ್ಲಿ ಮುದುಕರು, ಶಾಲೆಯ ಹಾಜರಿ ಪುಸ್ತಕದಲ್ಲಿ ಮಕ್ಕಳ ಹೆಸರು ಮಾತ್ರ. ಆ ಊರುಗಳಲ್ಲಿ ಇವರು ಯಾರು? ಪರಪ್ರಾಂತದವರು! ನಾವು ಇಲ್ಲಿ ಆಡುವ ಮಾತನ್ನೇ ಗೋವೆಯವರು ನಮ್ಮ ಸುರಪುರದವನಿಗೆ ಆಡಿದರೆ ಯಾವ ಬಾಯಿಂದ ಉತ್ತರ ಕೊಡೋಣ? ೨೦೦೪ರಲ್ಲಿ ವಾಸ್ಕೋದ ಬೈನಾ ಕಡಲತೀರದ ಗುಡಿಸಲುಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಕನ್ನಡದ ಮನೆತನಗಳು ಬಹಳವಿದ್ದವು.

ಇದಕ್ಕಿಂತಲೂ ಕಹಿಯಾದುದನ್ನು ೨೦೨೦ರಲ್ಲಿ ಉಂಡೆವು. ಕೋವಿಡ್ ಬೇನೆಯ ಭಯದಿಂದ ಮಾರ್ಚಿಯಲ್ಲಿ ದೇಶವೆಲ್ಲ ಬಾಗಿಲಿಕ್ಕಿತು, ಕೂಲಿ ನಿಂತಿತು. ಮೇ ೧೮ರಂದು ನಮ್ಮ ಸರಕಾರವೇ ಮಹಾರಾಷ್ಟ್ರ, ಗುಜರಾತ, ತಮಿಳುನಾಡು, ಕೇರಳಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲವೆಂದು ಸಾರಿತು. ಬೇನೆಯನ್ನು ತಡೆಯಬೇಕಾಗಿತ್ತು, ಅಲ್ಲಗಳೆಯೆನು. ಆದರೆ ಮುಂಬಯಿಯಲ್ಲಿ ಪರಕೀಯನಾದ ಯಾದಗಿರಿಯ ಕೂಲಿಕಾರನು ಅಂದು ತನ್ನ ಕನ್ನಡ ನಾಡಿನ ಗಡಿಯಲ್ಲಿಯೂ ಪರಕೀಯನಾದನು.

ಸಾರ್ವಭೌಮತ್ವದ ಮಾತನ್ನು ಕೆಲವರು ಎತ್ತುವರು. ಸಾರ್ವಭೌಮತ್ವವು ಭಾರತ ರಾಷ್ಟ್ರದ್ದು. ೧೯೫೬ರ ನವೆಂಬರ ೧ರಂದು ಕನ್ನಡ ಸೀಮೆಗಳು ಒಂದಾದುದು ಕನ್ನಡದಲ್ಲಿ ಆಡಳಿತ ನಡೆಯಲೆಂದು; ಬೇರೊಂದು ರಾಷ್ಟ್ರವಾಗಲೆಂದಲ್ಲ. ದೇಶದೊಳಗೆ ಎಲ್ಲಿಯಾದರೂ ಹೋಗುವ, ನೆಲೆಸುವ ಹಕ್ಕನ್ನು ಸಂವಿಧಾನದ ೧೯ನೆಯ ವಿಧಿಯು ಕೊಟ್ಟಿರುವದು. ಹರಿಯಾಣವು ಖಾಸಗಿ ನೌಕರಿಗಳಲ್ಲಿ ನೂರಕ್ಕೆ ೭೫ನ್ನು ಸ್ಥಾನಿಕರಿಗೆ ಕಾದಿಡಹೋದಾಗ ಅಲ್ಲಿನ ಉಚ್ಚ ನ್ಯಾಯಾಲಯವು ೨೦೨೩ರ ನವೆಂಬರಿನಲ್ಲಿ ಆ ಕಾಯದೆಯನ್ನು ಅಳಿಸಿಹಾಕಿತು.

ಇಷ್ಟಕ್ಕೂ ಬೇಲಿಯ ರುಚಿ ನಮಗೆ ಹೊಸದಲ್ಲ. ನಿಜಾಮರ ಆಳಿಕೆಯಲ್ಲಿ ಸರಕಾರಿ ನೌಕರಿಯು ಮುಲ್ಕಿಗಳಿಗೇ ಎಂಬ ಕಟ್ಟಳೆ ಇದ್ದಿತು. ಸುರಪುರದ ಕನ್ನಡಿಗನು ಅಪ್ಪಟ ಮುಲ್ಕಿ. ಆದರೆ ಕಚೇರಿಯ ಭಾಷೆ ಉರ್ದು. ಬೇಲಿಯ ಒಳಗಿದ್ದೂ ಅವನು ಹೊಸ್ತಿಲ ಹೊರಗೇ ನಿಂತನು. ಇಂದು ೩೭೧ಜೆ ವಿಧಿಯಿಂದ ನಮ್ಮ ಸೀಮೆಗೆ ಸರಕಾರಿ ಹುದ್ದೆಗಳಲ್ಲಿ, ವಿದ್ಯಾಲಯಗಳಲ್ಲಿ ಮೀಸಲು ದೊರೆತಿರುವದು. ಅದನ್ನು ನಾನು ತುಂಬು ಮನಸ್ಸಿನಿಂದ ಸ್ವಾಗತಿಸುವೆನು. ಆದರೆ ತಾಯಿಯ ಬೆನ್ನು ಹತ್ತಿ ಗುಳೆ ಹೋಗಿ ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟ ಹುಡುಗನಿಗೆ ಅದು ಎಟುಕುವದೆಂತು?

ನಾರಾಯಣಪುರದ ಕಾಲುವೆ ಬಂದ ಮೇಲೆ ತೆಲುಗು ಸೀಮೆಯ ಒಕ್ಕಲಿಗರು ಬಂದು, ನಮ್ಮ ಹೊಲಗಳನ್ನು ಗುತ್ತಿಗೆ ಹಿಡಿದು ಭತ್ತ ಬೆಳೆದರೆಂದು ದೂರುವವರುಂಟು. ಗುತ್ತಿಗೆ ಕೊಟ್ಟವರು ನಾವೇ ಅಲ್ಲವೇ? ಕೈಯಲ್ಲಿ ಬಂಡವಾಳವಿಲ್ಲದೆ ಕೊಟ್ಟೆವು. ಬಂದವರನ್ನು ಅಟ್ಟಿದರೆ ಬಂಡವಾಳವು ಬರುವದಿಲ್ಲ. ಒಕ್ಕಲಿಗನಿಗೆ ವೇಳೆಗೆ ಸಾಲ, ಕೂಲಿಕಾರನಿಗೆ ಸುಗ್ಗಿ ಮುಗಿದ ವಾರವೇ ಊರಲ್ಲಿ ಕೆಲಸ, ಇವನ್ನು ಸರಕಾರದಿಂದ ಕೇಳಿ ಪಡೆಯಬೇಕು.

ಹೊರನಾಡಿಗೆ ಕೂಲಿಕಾರರನ್ನು ಒಯ್ಯುವ ಗುತ್ತಿಗೆದಾರನು ಲೈಸೆನ್ಸು ಪಡೆಯಬೇಕು, ಕೂಲಿಕಾರನಿಗೆ ಪಾಸುಬುಕ್ಕು ಕೊಡಬೇಕು ಎಂದು ೧೯೭೯ರ ಕಾಯದೆಯೊಂದು ವಿಧಿಸಿತ್ತು. ನನ್ನ ಕಕ್ಷಿಗಾರರಲ್ಲಿ ಆ ಪುಸ್ತಕವನ್ನು ಕಂಡವರು ಒಬ್ಬರೂ ಇಲ್ಲ. ಶಹಾಪುರದ ಕಡೆಯ ಒಬ್ಬ ತಾಯಿ, ಪುಣೆಯಲ್ಲಿ ಕಟ್ಟಡದಿಂದ ಬಿದ್ದು ಸತ್ತ ಗಂಡನ ಪರಿಹಾರಕ್ಕಾಗಿ ನನ್ನಲ್ಲಿಗೆ ಬಂದಿದ್ದಳು. ಅವನು ಅಲ್ಲಿ ದುಡಿದನೆಂಬುದಕ್ಕೆ ಒಂದು ಚೀಟಿಯೂ ಇರಲಿಲ್ಲ. ಆಕೆ ಕೇಳಿದ್ದು ಇಷ್ಟೇ: "ವಕೀಲಸಾಹೇಬರ, ಇದನ್ನ ಅಲ್ಲಿ ಸರಕಾರಕ್ಕ ಕೇಳಬೇಕೊ, ಇಲ್ಲಿ ಸರಕಾರಕ್ಕೊ?"