ತಳದ ಮೀನಿಗೆ ಬೇರೆ ಊಟ

ಅಕ್ವೇರಿಯಂನ ತಳ ಗುಡಿಸಲೆಂದು ಅನೇಕರು ಕೊಂಡು ತರುವ ಪುಟ್ಟ ಮೀಸೆಮೀನು ಕೊರಿಡೋರಾಸ್. ದಕ್ಷಿಣ ಅಮೆರಿಕದ ಹೊಳೆಗಳದು. ಉಳಿದ ಮೀನುಗಳ ಹಿಕ್ಕೆ ತಿಂದು ಬದುಕುತ್ತದೆಂಬುದು ಶುದ್ಧ ತಪ್ಪು ಕಲ್ಪನೆ. ತೇಲುವ ತಿಂಡಿಯನ್ನು ಗಪ್ಪಿ, ಟೆಟ್ರಾಗಳು ಮೇಲೆಯೇ ಮುಗಿಸಿಬಿಟ್ಟರೆ ಇದಕ್ಕೆ ಉಪವಾಸವೇ ಗತಿ. ಬಡಕಲಾದಾಗ ರೋಗವೆಂದು ನೀರಿಗೆ ಔಷಧಿ ಸುರಿಯುವವರೂ ಉಂಟು!

ಕೊಡಬೇಕಾದದ್ದು ಮುಳುಗುವ ಗುಳಿಗೆಯ ಆಹಾರ. ಮೊದಲು ಮೇಲಿನ ಮೀನುಗಳಿಗೆ ಚಿಟಿಕೆ ತಿಂಡಿ, ದೀಪ ಆರಿಸಿದ ಮೇಲೆ ತಳಕ್ಕೆ ಗುಳಿಗೆ. ಕತ್ತಲಲ್ಲಿ ಟೆಟ್ರಾಗಳು ಮಂಕಾಗುತ್ತವೆ. ಕೊರಿಡೋರಾಸ್ ಮೀಸೆಯಿಂದ ತಡವಿಯೇ ಊಟ ಹುಡುಕಬಲ್ಲದು. ಆ ಮೀಸೆ ಸವೆಯದಂತೆ ಚೂಪು ಜಲ್ಲಿಯ ಬದಲು ನಯವಾದ ಮರಳು ಹಾಸುವುದು ಮೇಲು. ಬೆಳಿಗ್ಗೆ ಉಳಿದ ಗುಳಿಗೆ ಕಂಡರೆ ತೆಗೆದುಬಿಡಬೇಕು. ಕೊಳೆತರೆ ಅಮೋನಿಯಾ ಏರಿ ಎಲ್ಲ ಮೀನಿಗೂ ಕುತ್ತು. ಅಂದಹಾಗೆ, ಆಗಾಗ ಸರ್ರನೆ ಮೇಲೇರಿ ಅದು ನುಂಗುವುದು ತಿಂಡಿಯನ್ನಲ್ಲ, ಗಾಳಿಯನ್ನು. ಕರುಳಿನಿಂದಲೂ ಉಸಿರಾಡುವ ಮೀನದು.