ಸಹಕುಟುಂಬವಾಗಿ ಹೋಟೆಲಿಗೆ

ಹಾಸನದ ಕಡೆಯ ಗೃಹಿಣಿಯೊಬ್ಬರು ನಮಗೆ ಕಾಗದ ಬರೆದು, "ಮದುವೆಯ ಜವಳಿ ಕೊಳ್ಳುವುದಕ್ಕಾಗಿ ಬೆಂಗಳೂರಿಗೆ ಬರುವವರಿದ್ದೇವೆ, ಜೊತೆಯಲ್ಲಿ ಅತ್ತೆಯವರೂ ಇಬ್ಬರು ಮಕ್ಕಳೂ ಇರುತ್ತಾರೆ, ಪೇಟೆಯ ನಡುವೆ ಸಂಸಾರವಂದಿಗರು ಕುಳಿತು ಊಟಮಾಡತಕ್ಕ ಹೋಟೆಲು ಯಾವುದೆಂದು ತಿಳಿಸಬೇಕು" ಎಂದು ಕೇಳಿದ್ದಾರೆ. ಶಬ್ದರೂಪಗಳನ್ನೂ ಸಮಾಸಗಳನ್ನೂ ಹೇಳಿಕೊಟ್ಟು ಮೂವತ್ತು ವರ್ಷ ಕಳೆದ ನಮ್ಮಂಥವರನ್ನು ಕೇಳುವ ಪ್ರಶ್ನೆಯೇ ಇದು ಎಂದು ಮೊದಲು ನಗು ಬಂದಿತು. ಆದರೆ ಕಳೆದ ಆಷಾಢದಲ್ಲಿ ಇದೇ ಪ್ರಶ್ನೆ ನಮ್ಮನ್ನು ನಡುಬೀದಿಯಲ್ಲಿ ನಿಲ್ಲಿಸಿದ್ದಿತು. ಆದುದರಿಂದ ಉತ್ತರ ಹೇಳುವ ಅಧಿಕಾರವಿಲ್ಲದಿದ್ದರೂ ಅನುಭವವಂತೂ ಉಂಟು.

ನಮ್ಮ ಅಕ್ಕನಿಗೆ ಎಪ್ಪತ್ತೆರಡು ವರ್ಷ. ಸಕ್ಕರೆ ಕಾಯಿಲೆ ಬಹುಕಾಲದಿಂದ ಇದೆ. ಕಣ್ಣಿನ ಪರೀಕ್ಷೆಗೆಂದು ಆಕೆಯನ್ನು ಕರೆದುಕೊಂಡು, ನಮ್ಮ ಮನೆಯಾಕೆಯೂ ಐದು ವರ್ಷದ ಮೊಮ್ಮಗಳೂ ನಾವೂ ಮೆಜೆಸ್ಟಿಕ್ಕಿಗೆ ಸಮೀಪದ ಒಂದು ಆಸ್ಪತ್ರೆಗೆ ಹೋಗಿದ್ದೆವು. ವೈದ್ಯರು ಕಣ್ಣಿನ ಒಳಭಾಗವನ್ನು ನೋಡುವುದಕ್ಕಾಗಿ ಪಾಪೆ ಹಿಗ್ಗುವ ಹನಿಗಳನ್ನು ಹಾಕಿದರು. ಈ ಹನಿ ಬಿದ್ದ ಮೇಲೆ ಕೆಲವು ಗಂಟೆಗಳ ಕಾಲ ಬೆಳಕು ಚುಚ್ಚುತ್ತದೆ. ಹತ್ತಿರದ ಅಕ್ಷರ ಮಸುಕಾಗುತ್ತದೆ. ಹನ್ನೆರಡಕ್ಕೆ ಮುಗಿಯುವುದೆಂದು ತಿಳಿದಿದ್ದ ಕೆಲಸ ಮುಗಿದಾಗ ಒಂದೂವರೆ ಗಂಟೆ. ಅಕ್ಕ ಬೆಳಗ್ಗೆ ಏಳಕ್ಕೆ ಮಾತ್ರೆ ನುಂಗಿ ಎರಡು ಇಡ್ಲಿ ತಿಂದಿದ್ದಳು, ಅಷ್ಟೆ.

ಆಸ್ಪತ್ರೆಯ ಮೂಲೆಯಲ್ಲಿಯೇ ಒಂದು ದರ್ಶಿನಿಯಿದ್ದಿತು. ಗಲ್ಲಾದಲ್ಲಿ ಹಣ ಕೊಟ್ಟು ಚೀಟಿ ಪಡೆದು, ತಟ್ಟೆಯನ್ನು ನಾವೇ ತಂದುಕೊಂಡು, ಎದೆಯೆತ್ತರದ ಮೇಜಿನ ಮುಂದೆ ನಿಂತು ತಿನ್ನುವ ಏರ್ಪಾಡು. ಅಕ್ಕ ಕೈಯನ್ನು ಕಣ್ಣಿಗೆ ಅಡ್ಡಹಿಡಿದು, "ಕೂತುಕೊಳ್ಳೋಕೆ ಜಾಗ ಇಲ್ಲವೇನೋ?" ಎಂದಳು. ಇರಲಿಲ್ಲ. ಎದುರು ಸಾಲಿನ ಹಳೆಯ ಊಟದ ಹೋಟೆಲು ಮಹಡಿಯ ಮೇಲೆ. ಏಣಿಯಂತೆ ಕಡಿದಾದ ಮೆಟ್ಟಿಲುಗಳು. ಮೆಟ್ಟಿಲಿನ ಅಂಚು ಕಾಣದೆ ಆಕೆ ಮೂರನೆಯದರಿಂದಲೇ ಹಿಂದಿರುಗಿದಳು. ಇನ್ನೊಂದು ಬೀದಿಯಲ್ಲಿ 'ಫ್ಯಾಮಿಲಿ ಬಾರ್ ಅಂಡ್ ರೆಸ್ಟೋರೆಂಟ್' ಎಂದು ದೊಡ್ಡ ಹಲಗೆಯಿದ್ದಿತು. ಆ ಪದಪುಂಜವನ್ನು ಯಾವ ಸಮಾಸವೆಂದು ಬಿಡಿಸಬೇಕೋ ನಮಗೆ ಇಂದಿಗೂ ತಿಳಿಯದು. ಒಳಗೆ ಹಗಲಿನಲ್ಲಿಯೇ ಕತ್ತಲೆ, ಮೊಮ್ಮಗಳು ಅಜ್ಜಿಯ ಸೆರಗು ಹಿಡಿದು "ಇಲ್ಲಿ ಕರೆಂಟ್ ಹೋಗಿದೆಯಾ?" ಎಂದು ಕೇಳಿದಳು. ಹೊರಗೆ ಬಂದೆವು.

ನಾಲ್ಕನೆಯದು ಗಾಜಿನ ಬಾಗಿಲಿನ, ತಣ್ಣನೆಯ ಗಾಳಿಯ ಹೊಸ ಹೋಟೆಲು. ಬಾಗಿಲಲ್ಲಿದ್ದ ಯುವಕನು ನಮ್ಮ ಹೆಸರು ಬರೆದುಕೊಂಡು ನಲವತ್ತು ನಿಮಿಷ ಕಾಯಬೇಕೆಂದನು. ಒಳಗೆ ಎರಡು ಮೇಜು ಬರಿದಾಗಿದ್ದುವು. ಅವು ಆರು ಮಂದಿಯವು, ನಾವು ನಾಲ್ವರು. "ಅಷ್ಟುಹೊತ್ತು ಇವರಿಗೆ ಕುಳಿತುಕೊಳ್ಳಲು ಒಂದು ಕುರ್ಚಿಯಾದರೂ ಕೊಡಿ" ಎಂದೆವು. ಕುರ್ಚಿಯನ್ನು ಹೊರಗೆ ಹಾಕುವ ಪದ್ಧತಿಯಿಲ್ಲವೆಂದು ಉತ್ತರ ಬಂದಿತು. ಮಾತು ವಿನಯವಾಗಿಯೇ ಇದ್ದಿತು. ಅದೇ ಹೆಚ್ಚು ಬೇಸರ ತಂದಿತು.

ಅಷ್ಟರಲ್ಲಿ ಅಕ್ಕನ ಹಣೆಯಲ್ಲಿ ಬೆವರು ಮೂಡಿ, ಕೈ ನಡುಗತೊಡಗಿ, ಮಾತು ತಡವರಿಸಿತು. ನಾವು ಬಿಸಿಲಿನ ಆಯಾಸವೆಂದುಕೊಂಡೆವು. ನಮ್ಮ ಮನೆಯಾಕೆ, "ಆಯಾಸವಲ್ಲ, ಸಕ್ಕರೆ ಇಳಿದಿದೆ, ಮೊದಲು ಏನಾದರೂ ಸಿಹಿ ಕೊಡಿ" ಎಂದು ಕೂಗಿಕೊಂಡಳು. ಮಾತ್ರೆ ತೆಗೆದುಕೊಂಡವರಿಗೆ ಊಟ ತಡವಾದರೆ ಹೀಗಾಗುವುದುಂಟು. ಉಪೇಕ್ಷೆ ಮಾಡಿದರೆ ಎಚ್ಚರವೇ ತಪ್ಪಬಹುದು. ಹತ್ತಿರವಿದ್ದುದು ಮತ್ತೆ ಅದೇ ದರ್ಶಿನಿ. ಅಲ್ಲಿ ತಟ್ಟೆ ಎತ್ತುತ್ತಿದ್ದ ಹುಡುಗನೊಬ್ಬನು ನಮ್ಮ ಗಾಬರಿಯನ್ನು ನೋಡಿ, ಹಾಲಿನ ಪೊಟ್ಟಣಗಳು ಬರುವ ಪ್ಲಾಸ್ಟಿಕ್ ಕ್ರೇಟನ್ನು ಬೋರಲು ಹಾಕಿ, ಅದರ ಮೇಲೆ ಮಡಿಸಿದ ಗೋಣಿಯೊಂದನ್ನು ಹಾಸಿ, "ಅಮ್ಮಾ, ಕೂತ್ಕೊ" ಎಂದನು. ನೀರಿಗೆ ಮೂರು ಚಮಚ ಸಕ್ಕರೆ ಕಲಸಿ ಅವನೇ ತಂದನು. ಮಾತಿನ ಧಾಟಿಯಿಂದ ದೂರದ ಈಶಾನ್ಯದವನೆಂದು ತೋರಿತು. ಅವನ ಕ್ರಿಯಾಪದದಲ್ಲಿ ಗೌರವದ ಬಹುವಚನವಿರಲಿಲ್ಲ. ಅದನ್ನು ತಿದ್ದಬೇಕೆಂದು ಜೀವಮಾನದಲ್ಲಿ ಮೊದಲ ಬಾರಿಗೆ ನಮಗೆ ಅನಿಸಲಿಲ್ಲ. ಹದಿನೈದು ನಿಮಿಷದೊಳಗಾಗಿ ಅಕ್ಕ ಚೇತರಿಸಿಕೊಂಡು, ಇಡ್ಲಿಯ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ತಿಂದಳು.

ಆ ಕ್ರೇಟಿನ ಮೇಲೆ ಕುಳಿತೇ ಆಕೆ ಹೇಳಿದ ಮಾತೊಂದು ನಮ್ಮನ್ನು ಯೋಚನೆಗೆ ಹಚ್ಚಿತು: "ಅಪ್ಪ ನನ್ನನ್ನು ಒಂದು ದಿನವೂ ಹೋಟೆಲಿನೊಳಗೆ ಕರೆದುಕೊಂಡು ಹೋಗಲಿಲ್ಲ ಕಣೋ." ನಿಜ. ನಮ್ಮೂರಿನ ಹೋಟೆಲಿಗೆ ಅಪ್ಪ ನಮ್ಮನ್ನು ಕರೆದೊಯ್ಯುತ್ತಿದ್ದರು. ಅಕ್ಕನಿಗೂ ಅಮ್ಮನಿಗೂ ಬಾಳೆಯೆಲೆಯಲ್ಲಿ ಕಟ್ಟಿಸಿದ ದೋಸೆ ಮನೆಗೆ ಬರುವಷ್ಟರಲ್ಲಿ ಆರಿ ಮೆತ್ತಗಾಗಿರುತ್ತಿದ್ದಿತು. ಆ ಕಾಲದ ಹೋಟೆಲುಗಳಲ್ಲಿ ಹೆಂಗಸರಿಗೆಂದು 'ಫ್ಯಾಮಿಲಿ ರೂಮ್' ಎಂಬುದೊಂದಿರುತ್ತಿದ್ದಿತು: ಹಿಂದುಗಡೆ ಮರದ ಹಲಗೆಯ ಅಡ್ಡಗೋಡೆ, ಮುಂದೆ ಮಾಸಿದ ಪರದೆ, ಒಳಗೆ ಸೆಕೆ. ಮಾಣಿ ಪರದೆಯ ಹೊರಗೆ ನಿಂತು ಕೆಮ್ಮಿ ಒಳಗೆ ಬರುತ್ತಿದ್ದನು. ಅದನ್ನೂ ನಮ್ಮ ಅಪ್ಪ ಒಪ್ಪಿರಲಿಲ್ಲ.

ಈ ಪರದೆಯನ್ನು ಹರಿದುಹಾಕಿದುದರಲ್ಲಿ ದರ್ಶಿನಿಗಳಿಗೆ ದೊಡ್ಡ ಪಾಲಿದೆಯೆಂದು ನಮ್ಮ ಅಭಿಪ್ರಾಯ. 1983ರಲ್ಲಿ ಜಯನಗರದಲ್ಲಿ ಆರಂಭವಾದ ಕೆಫೆ ದರ್ಶಿನಿಯಿಂದ ಈ ಹೆಸರೂ ಪದ್ಧತಿಯೂ ಊರೆಲ್ಲ ಹಬ್ಬಿದುವು. ಅಡಿಗೆ ಕಣ್ಣೆದುರಿಗೆ, ಬೆಲೆ ಹಲಗೆಯ ಮೇಲೆ, ಗಂಡಸರು ಹೆಂಗಸರೆಂಬ ಭೇದವಿಲ್ಲ. ಕಚೇರಿಗೆ ಹೋಗುವ ಹೆಣ್ಣುಮಗಳು ಒಬ್ಬಳೇ ಬಂದು, ಯಾರ ಸಂಕೋಚವೂ ಇಲ್ಲದೆ ಕಾಫಿ ಕುಡಿದು ಹೋಗುವುದನ್ನು ನೋಡಿದರೆ ಸಂತೋಷವಾಗುತ್ತದೆ. ಆದರೆ ಪರದೆಯೊಡನೆ ಬೆಂಚೂ ಹೋಯಿತು. ದರ್ಶಿನಿಯೆಂದರೆ ನೋಡುವವಳು ಅಥವಾ ತೋರಿಸುವವಳು. ಕುಳ್ಳಿರಿಸುವವಳೆಂಬ ಅರ್ಥ ಯಾವ ಕೋಶದಲ್ಲಿಯೂ ಇಲ್ಲ. ಕಾಲಿನಲ್ಲಿ ಬಲವಿರುವವರಿಗೆ ಅದರಿಂದ ಬಾಧಕವಿಲ್ಲ. ಅತ್ತೆಯವರನ್ನು ಕರೆತರುವವರಿಗೆ ಉಂಟು.

ಹಾಗಾದರೆ ಎಲ್ಲಿಗೆ ಹೋಗಬೇಕು? ಸಹೋದರಿಯವರು ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಹೆಸರನ್ನು ಕೇಳಿಯೇ ಇರುತ್ತಾರೆ. ಉಡುಪಿಯ ಕಡೆಯ ಮಯ್ಯ ಸಹೋದರರು 1924ರಲ್ಲಿ ತೊಡಗಿದ್ದು. ಯುದ್ಧಕಾಲದಲ್ಲಿ ಅಕ್ಕಿಯ ಅಭಾವವಾದಾಗ ರವೆ ಇಡ್ಲಿ ಅಲ್ಲಿ ಹುಟ್ಟಿತೆಂದು ಹೇಳುತ್ತಾರೆ. ಕುರ್ಚಿ ಮೇಜುಗಳಿವೆ, ಬಡಿಸುವವರಿದ್ದಾರೆ. ಆದರೆ ಹೆಸರು ಬರೆಸಿ ಕಾಯಬೇಕು, ಸೋಮವಾರ ರಜ. ಗಾಂಧಿಬಜಾರಿನ ವಿದ್ಯಾರ್ಥಿಭವನ 1943ರದು; ತೋಳಿನುದ್ದಕ್ಕೂ ದೋಸೆಯ ತಟ್ಟೆಗಳನ್ನು ಪೇರಿಸಿಕೊಂಡು ಬರುವುದನ್ನು ನೋಡಲು ಮಕ್ಕಳಿಗೆ ಬಲು ಇಷ್ಟ. ಅಲ್ಲಿಯೂ ಕಾಯುವ ಜನ ಬಹಳ. ಶುಕ್ರವಾರ ಬಾಗಿಲು ತೆರೆಯುವುದಿಲ್ಲ. ಎರಡೂ ಕಡೆ ಭಾನುವಾರ ಬೆಳಗ್ಗೆ ವೃದ್ಧರನ್ನು ಕರೆದೊಯ್ಯುವುದು ಅವಿವೇಕ. ವಾರದ ನಡುವೆ, ನೂಕುನುಗ್ಗಲು ಕಳೆದ ಹೊತ್ತಿನಲ್ಲಿ ಹೋದರೆ ಸುಖ.

ಹೆಸರುಗಳಿಗಿಂತ ಒಂದು ಕ್ರಮವನ್ನು ಹೇಳುವುದು ಮೇಲು. ಏನು ತಿನ್ನಬೇಕೆಂಬುದನ್ನು ಮಕ್ಕಳು ನಿರ್ಣಯಿಸಲಿ. ಎಲ್ಲಿ ತಿನ್ನಬೇಕೆಂಬುದನ್ನು ಮನೆಯ ಅತ್ಯಂತ ಅಶಕ್ತರ ಮಂಡಿಯೂ ಗಡಿಯಾರವೂ ನಿರ್ಣಯಿಸಬೇಕು. ಮೊದಲೇ ದೂರವಾಣಿಯಲ್ಲಿ ಕೇಳಿಕೊಳ್ಳಿರಿ: ನೆಲಮಟ್ಟದಲ್ಲಿ ಕೂಡಲು ಜಾಗವುಂಟೇ, ಶೌಚಾಲಯ ಅದೇ ಅಂತಸ್ತಿನಲ್ಲಿದೆಯೇ, ಅಚ್ಚುಮಾಡಿದ ತಿಂಡಿಯ ಪಟ್ಟಿಯುಂಟೋ ಅಥವಾ ಫೋನಿನಲ್ಲಿಯೇ ನೋಡಬೇಕೋ. ನಗುವವರು ನಗಲಿ. ಅನೇಕ ದರ್ಶಿನಿಗಳಲ್ಲಿ ಪಕ್ಕದಲ್ಲಿಯೋ ಹಿಂದೆಯೋ 'ಸರ್ವಿಸ್' ಎಂಬ ವಿಭಾಗವಿರುತ್ತದೆ. ಅದೇ ಇಡ್ಲಿಗೆ ಕೆಲವು ರೂಪಾಯಿ ಹೆಚ್ಚು, ಆದರೆ ಕುರ್ಚಿಯುಂಟು. ಆ ಕೆಲವು ರೂಪಾಯಿಯನ್ನು ಉಳಿಸಬೇಡಿರಿ. ಮಧ್ಯಾಹ್ನದ ಊಟವನ್ನು ಹನ್ನೆರಡಕ್ಕೇ ಮುಗಿಸಿರಿ. ಒಂದು ಗಂಟೆಯ ಮೇಲೆ ಕಚೇರಿಯ ಜನ ತುಂಬುತ್ತಾರೆ. ಸಕ್ಕರೆ ಕಾಯಿಲೆಯವರು ಜೊತೆಯಲ್ಲಿದ್ದರೆ ಚೀಲದಲ್ಲಿ ಸಕ್ಕರೆಯ ಪೊಟ್ಟಣವಿರಲಿ. ನಮ್ಮ ಚೀಲದಲ್ಲಿ ಅಂದು ಎರಡು ಪುಸ್ತಕಗಳಿದ್ದುವು.

ಇನ್ನೊಂದು ವಿಷಯ, ಗೃಹಸ್ಥರ ಕಿಸೆಗೆ ಸಂಬಂಧಪಟ್ಟದ್ದು. ದೊಡ್ಡ ಹೋಟೆಲುಗಳ ಬಿಲ್ಲಿನಲ್ಲಿ 'ಸರ್ವಿಸ್ ಚಾರ್ಜ್' ಎಂದು ನೂರಕ್ಕೆ ಇಷ್ಟೆಂದು ಸೇರಿಸುವುದುಂಟು. ಅದನ್ನು ತಾವಾಗಿಯೇ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರಲ್ಲಿ ವಿಧಿಸಿತು. ದೆಹಲಿಯ ಉಚ್ಚ ನ್ಯಾಯಾಲಯವು 2025ರಲ್ಲಿ ಅದನ್ನು ಎತ್ತಿಹಿಡಿಯಿತು. ತೆಗೆಯಿರೆಂದು ಕೇಳುವುದರಲ್ಲಿ ಅವಮಾನವೇನೂ ಇಲ್ಲ. ಬಡಿಸಿದವನ ಕೈಗೆ ಏನಾದರೂ ಕೊಡಬೇಕೆನಿಸಿದರೆ ಅದು ಬೇರೆ ಮಾತು. ಅಂದು ಆ ಹುಡುಗನ ಕೈಗೆ ನಾವು ಕೊಡಹೋದಾಗ ಅವನು ಗಲ್ಲಾದ ಕಡೆ ನೋಡಿ ತಲೆಯಾಡಿಸಿ, ಮೊಮ್ಮಗಳಿಗೆ ಒಂದು ಬಾಳೆಹಣ್ಣು ಕೊಟ್ಟು ಹೊರಟುಹೋದನು.

ಎರಡು ತಿಂಗಳ ಮೇಲೆ ಅಕ್ಕನನ್ನು ಮತ್ತೆ ಕಣ್ಣು ತೋರಿಸಲು ಕರೆದೊಯ್ಯಬೇಕಾಯಿತು. ಮೊಮ್ಮಗಳಿಗೆ ಜ್ವರವೆಂದು ನಮ್ಮ ಮನೆಯಾಕೆ ಮನೆಯಲ್ಲಿಯೇ ಉಳಿದಳು. ಈ ಬಾರಿ ಪರೀಕ್ಷೆಗೆ ಮೊದಲೇ, ನೆಲಮಟ್ಟದ ಹಳೆಯ ಹೋಟೆಲೊಂದನ್ನು ವಿಚಾರಿಸಿಟ್ಟುಕೊಂಡು, ಹತ್ತು ಗಂಟೆಗೆ ಹೋದೆವು. ಅಕ್ಕ ಗೋಡೆಯ ಪಕ್ಕದ ಕುರ್ಚಿಯನ್ನು ಬಿಟ್ಟು, ನಡುಹಜಾರದ ಮೇಜಿನ ಮುಂದೆ ಕುಳಿತು, ಆವಿಯಾಡುವ ಮಸಾಲೆದೋಸೆಯನ್ನು ಬಹಳ ನಿಧಾನವಾಗಿ ತಿಂದಳು. ಯಾರೂ ಅವಸರಪಡಿಸಲಿಲ್ಲ. ಕೈ ತೊಳೆದು ಬಂದವಳು ಏಳುವ ಮೊದಲು ಹೇಳಿದಳು: "ನಿನ್ನ ಹೆಂಡತಿಗೆ ದೋಸೆ ಕಟ್ಟಿಸಿಕೊಂಡು ಹೋಗಬೇಡ. ಇನ್ನೊಂದು ದಿನ ಅವಳನ್ನೇ ಇಲ್ಲಿಗೆ ಕರೆದುಕೊಂಡು ಬಾ."