ಹಣ್ಣಿನ ಗುಣವೂ ಗುಳಿಗೆಯ ಮಾತೂ

ಕಡಲೆಕಾಯಿ ಎಣ್ಣೆಯನ್ನು ಬಾಯಿ ತೆರೆದ ಪಾತ್ರೆಯಲ್ಲಿ ಬಹುದಿನ ಇಟ್ಟರೆ ಅದಕ್ಕೆ ಕಮಟು ವಾಸನೆ ಹತ್ತುವುದನ್ನು ನಾವೆಲ್ಲರೂ ಬಲ್ಲೆವು. ಎಣ್ಣೆಯನ್ನು ಕೆಡಿಸಿದ್ದು ಹೊರಗಿನ ಕೊಳೆಯಲ್ಲ. ನಾವು ಪ್ರಾಣವಾಯುವೆಂದು ಕೊಂಡಾಡುವ ಆಮ್ಲಜನಕವೇ. ಇಂಥದೇ ಉತ್ಕರ್ಷಣ ಕ್ರಿಯೆ ನಮ್ಮ ದೇಹದೊಳಗೂ ನಡೆಯುವುದುಂಟು. ಅದರ ಪೆಟ್ಟಿಗೆ ಬಹು ಸುಲಭವಾಗಿ ಸಿಕ್ಕುವ ಜೀವಕೋಶಗಳಲ್ಲಿ ಪುರುಷನ ವೀರ್ಯಾಣುವೂ ಒಂದು. ಈ ಸಂಗತಿಯನ್ನು ಹಿಡಿದುಕೊಂಡು ಇಂದು ದೊಡ್ಡದೊಂದು ವ್ಯಾಪಾರವೇ ಬೆಳೆದಿದೆ. ಹಣ್ಣುಗಳಲ್ಲಿರುವ ಉತ್ಕರ್ಷಣ ನಿರೋಧಕಗಳನ್ನೇ ಗುಳಿಗೆಯಲ್ಲಿ ಅಡಕಮಾಡಿದ್ದೇವೆ, ನುಂಗಿದರೆ ಸಂತಾನಶಕ್ತಿ ವೃದ್ಧಿಸುವುದು ಎಂದು ಜಾಹೀರಾತುಗಳು ಸಾರುತ್ತವೆ. ಇದರಲ್ಲಿ ವಿಜ್ಞಾನವೆಷ್ಟು, ವಾಣಿಜ್ಯವೆಷ್ಟು ಎಂಬುದನ್ನು ತರುಣ ವಾಚಕರು ಸಂಕೋಚವನ್ನು ಬದಿಗಿರಿಸಿ ವಿವೇಚಿಸಬೇಕು.

ವೀರ್ಯಾಣುವಿನ ರಚನೆ ವಿಚಿತ್ರವಾದುದು. ದೂರ ಪ್ರಯಾಣಕ್ಕೆ ಹೊರಟವನು ಹೊರೆಯನ್ನು ಇಳಿಸುವಂತೆ ಅದು ತನ್ನ ಕೋಶರಸದ ಬಹುಭಾಗವನ್ನು ಕಳೆದುಕೊಂಡು ಹಗುರಾಗಿರುತ್ತದೆ. ತಲೆಯಲ್ಲಿ ತಂದೆಯ ಆನುವಂಶಿಕ ಗುಣಗಳನ್ನು ಹೊತ್ತ ಡಿ.ಎನ್.ಎ., ನಡುವಿನಲ್ಲಿ ಶಕ್ತಿಯನ್ನೊದಗಿಸುವ ಮೈಟೊಕಾಂಡ್ರಿಯ, ಹಿಂದೆ ಈಜುವ ಬಾಲ, ಇಷ್ಟೇ ಅದರ ಸಂಪತ್ತು. ಕೋಶರಸದೊಡನೆ ರಕ್ಷಣೆಯ ಕಿಣ್ವಗಳೂ ಬಹುಮಟ್ಟಿಗೆ ಹೋಗಿರುತ್ತವೆ. ಅದರ ಹೊರಪೊರೆಯಲ್ಲಾದರೋ ಬೇಗನೆ ಉತ್ಕರ್ಷಣಗೊಳ್ಳುವ ಅಪರ್ಯಾಪ್ತ ಕೊಬ್ಬೇ ಹೇರಳ. ಅಧಿಕ ಆಮ್ಲಜನಕದಲ್ಲಿ ಮಾನವ ವೀರ್ಯಾಣುಗಳು ಚಲನಶಕ್ತಿಯನ್ನು ಕಳೆದುಕೊಳ್ಳುತ್ತವೆಂದೂ, ಹೈಡ್ರೊಜನ್ ಪೆರಾಕ್ಸೈಡನ್ನು ಒಡೆಯುವ ಕೆಟಲೇಸ್ ಎಂಬ ಕಿಣ್ವವನ್ನು ಬೆರೆಸಿದರೆ ಅವು ಉಳಿಯುತ್ತವೆಂದೂ 1943ರಲ್ಲಿಯೇ ಜಾನ್ ಮೆಕ್ಲಿಯಡ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು.

ಹೀಗೆ ಒಳಗಿನ ರಕ್ಷಣೆ ಕಡಮೆಯಾದ ವೀರ್ಯಾಣುವಿಗೆ ಸುತ್ತಲಿನ ದ್ರವವೇ ಕವಚ. ಆ ದ್ರವದಲ್ಲಿ ‘ಸಿ’ ಜೀವಸತ್ತ್ವ ರಕ್ತದಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚಾಗಿರುತ್ತದೆ. ಮಾನವದೇಹ ಅದನ್ನು ತಾನೇ ತಯಾರಿಸಿಕೊಳ್ಳಲಾರದು. ಹಣ್ಣು ತರಕಾರಿಗಳಿಂದಲೇ ಪಡೆಯಬೇಕು. ಹಣ್ಣಿಗೂ ಪುರುಷನ ಸಂತಾನಶಕ್ತಿಗೂ ಇರುವ ನಿಜವಾದ ನಂಟು ಇಲ್ಲಿದೆ. 1991ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆರೋಗ್ಯವಂತರಾದ ಕೆಲವರ ಆಹಾರದಲ್ಲಿನ ‘ಸಿ’ ಜೀವಸತ್ತ್ವವನ್ನು ದಿನಕ್ಕೆ 250 ಮಿಲಿಗ್ರಾಂನಿಂದ 5 ಮಿಲಿಗ್ರಾಂಗೆ ಇಳಿಸಲಾಯಿತು. ವೀರ್ಯದ್ರವದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಕುಸಿಯಿತು, ವೀರ್ಯಾಣುಗಳ ಡಿ.ಎನ್.ಎ.ಯಲ್ಲಿ ಉತ್ಕರ್ಷಣದ ಹಾನಿಯ ಗುರುತು ಶೇಕಡ 91ರಷ್ಟು ಏರಿತು. ಮರಳಿ ದಿನಕ್ಕೆ 60 ಅಥವಾ 250 ಮಿಲಿಗ್ರಾಂ ಕೊಟ್ಟಾಗ 28 ದಿನಗಳಲ್ಲಿ ಆ ಹಾನಿ ಶೇಕಡ 36ರಷ್ಟು ತಗ್ಗಿತು.

ಗುಳಿಗೆಯ ವ್ಯಾಪಾರಿ ಇಲ್ಲಿಯವರೆಗೆ ನಮ್ಮೊಡನೆಯೇ ಬರುತ್ತಾನೆ. ಆದರೆ ಇಲ್ಲಿಂದ ಮುಂದೆ ಅವನು ಒಂದು ದೊಡ್ಡ ಹಾರು ಹಾರುತ್ತಾನೆ: ಕೊರತೆ ಕೆಡುಕಾದರೆ ಅತಿಶಯ ಒಳಿತಾಗಬೇಕು ಎಂಬುದು ಅವನ ವಾದ. ಪ್ರಯೋಗ ಈ ವಾದವನ್ನು ಸಮರ್ಥಿಸಿಲ್ಲ. 2020ರಲ್ಲಿ ಅಮೆರಿಕದಲ್ಲಿ ಎರಡು ಪರೀಕ್ಷೆಗಳ ಫಲ ಪ್ರಕಟವಾಯಿತು. ಒಂದರಲ್ಲಿ, ಸಂತಾನಹೀನರಾದ ಪುರುಷರಿಗೆ ‘ಸಿ’ ಮತ್ತು ‘ಇ’ ಜೀವಸತ್ತ್ವಗಳನ್ನೂ, ಸೆಲೆನಿಯಮನ್ನೂ, ಟೊಮೇಟೊ ಹಣ್ಣಿಗೆ ಕೆಂಪು ಕೊಡುವ ಲೈಕೊಪೀನನ್ನೂ ಸೇರಿಸಿದ ಗುಳಿಗೆಯನ್ನು ಕೊಡಲಾಯಿತು. ಮೂರು ತಿಂಗಳ ಬಳಿಕ ನೋಡಿದಾಗ ವೀರ್ಯಾಣುಗಳ ಸಂಖ್ಯೆಯಾಗಲಿ ಚಲನೆಯಾಗಲಿ ಹುಸಿಗುಳಿಗೆ ನುಂಗಿದವರಿಗಿಂತ ಮೇಲಾಗಿರಲಿಲ್ಲ. ಇನ್ನೊಂದರಲ್ಲಿ 2,370 ದಂಪತಿಗಳಿದ್ದರು. ಪುರುಷರಿಗೆ ಆರು ತಿಂಗಳು ಫೋಲಿಕ್ ಆಮ್ಲವನ್ನೂ ಸತುವನ್ನೂ ಕೊಡಲಾಯಿತು. ಗುಳಿಗೆ ಪಡೆದವರಲ್ಲಿ ಶೇಕಡ 34 ಮಂದಿಗೂ ಹುಸಿಗುಳಿಗೆ ಪಡೆದವರಲ್ಲಿ ಶೇಕಡ 35 ಮಂದಿಗೂ ಮಕ್ಕಳಾದವು. ಸಣ್ಣ ಪ್ರಯೋಗಗಳನ್ನು ಒಟ್ಟುಗೂಡಿಸಿದಾಗ ಲಾಭದ ಸೂಚನೆ ಕಾಣುವುದುಂಟು. ಆದರೆ ಅದರ ಆಧಾರ ದುರ್ಬಲವೆಂದು ಪರಾಮರ್ಶಿಸಿದವರೇ ಒಪ್ಪಿದ್ದಾರೆ.

ಈ ಫಲಿತಾಂಶಗಳಲ್ಲಿ ವಿರೋಧವೇನೂ ಇಲ್ಲ. ಬಾಡಿದ ರಾಗಿಯ ಪೈರಿಗೆ ನೀರು ಹಾಯಿಸಿದರೆ ಚಿಗುರುತ್ತದೆ. ನೀರು ನಿಂತ ಹೊಲಕ್ಕೆ ಮತ್ತೆ ಹಾಯಿಸಿದರೆ ಬೇರು ಕೊಳೆಯುತ್ತದೆ. ಅದೂ ಅಲ್ಲದೆ ಉತ್ಕರ್ಷಣಕಾರಿಗಳು ವೀರ್ಯಾಣುವಿಗೆ ಕೇವಲ ಶತ್ರುಗಳಲ್ಲ. ಅಂಡವನ್ನು ಭೇದಿಸುವ ಸಾಮರ್ಥ್ಯ ಅದಕ್ಕೆ ಕೈಗೂಡಲು ಅವು ಅಲ್ಪಪ್ರಮಾಣದಲ್ಲಿ ಬೇಕೇ ಬೇಕು. ಅತಿ ಮಾತ್ರೆಯ ಅಪಾಯವನ್ನು ಬೇರೊಂದು ಕ್ಷೇತ್ರದಲ್ಲಿಯೂ ಜಗತ್ತು ಕಂಡಿದೆ. 1994ರಲ್ಲಿ ಪ್ರಕಟವಾದ ಫಿನ್ಲೆಂಡಿನ ಪ್ರಯೋಗದಲ್ಲಿ, ಗಜ್ಜರಿಗೆ ಬಣ್ಣ ಕೊಡುವ ಬೀಟಾ ಕೆರೊಟೀನನ್ನು ಗುಳಿಗೆಯಾಗಿ ಸೇವಿಸಿದ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರು ಕಡಮೆಯಾಗಲಿಲ್ಲ, ಹೆಚ್ಚಾಯಿತು.

ಆದುದರಿಂದ ನನ್ನ ಅಭಿಪ್ರಾಯವಿಷ್ಟು: ಹಣ್ಣನ್ನು ಆಹಾರವೆಂದು ತಿನ್ನಬೇಕು, ಔಷಧವೆಂದು ಮಾರುವವರನ್ನು ನಂಬಬಾರದು. ವಯಸ್ಕ ಪುರುಷನಿಗೆ ದಿನಕ್ಕೆ 80 ಮಿಲಿಗ್ರಾಂ ‘ಸಿ’ ಜೀವಸತ್ತ್ವ ಸಾಕೆಂದು ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿ 2020ರಲ್ಲಿ ಗೊತ್ತುಮಾಡಿದೆ. 100 ಗ್ರಾಂ ಸೀಬೆಹಣ್ಣಿನಲ್ಲಿ ಅದು 200 ಮಿಲಿಗ್ರಾಂಗೂ ಮೇಲಿದೆ. ನಮ್ಮ ಬೆಟ್ಟದ ನೆಲ್ಲಿಕಾಯಿ ಅದಕ್ಕೆ ಕಡಮೆಯಿಲ್ಲ. ಸಿಗರೇಟು ಸೇದುತ್ತ ಉತ್ಕರ್ಷಣ ನಿರೋಧಕದ ಗುಳಿಗೆ ನುಂಗುವುದು ಒಲೆಗೆ ಸೌದೆಯೊಟ್ಟುತ್ತ ಬೀಸಣಿಗೆ ಬೀಸಿಕೊಂಡಂತೆ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಕಾರಣದಲ್ಲಿ ಪುರುಷನ ಪಾಲೂ ಇರುತ್ತದೆ. ಆದರೂ ನಮ್ಮಲ್ಲಿ ಬಂಜೆಯೆಂಬ ಹಳಿಮಾತು ಹೆಂಗಸಿನ ಪಾಲಿಗೆ ಮೀಸಲು. ಅವಳನ್ನು ಪರೀಕ್ಷೆಯಿಂದ ಪರೀಕ್ಷೆಗೆ ಅಲೆಸುತ್ತಾರೆ. ಗಂಡನಾದವನು ಮರೆಯಲ್ಲಿ ಗುಳಿಗೆ ನುಂಗುತ್ತ ಕಾಯುತ್ತಾನೆ. ವೃಷಣದ ರಕ್ತನಾಳಗಳ ಊತ, ಸೋಂಕು, ಹಾರ್ಮೋನುಗಳ ಕೊರತೆ ಇವೆಲ್ಲ ವೈದ್ಯನ ಪರೀಕ್ಷೆಯಿಂದ ಕಂಡುಬರುವಂಥವು, ಎಷ್ಟೋ ವೇಳೆ ಚಿಕಿತ್ಸೆಗೆ ಬಗ್ಗುವಂಥವು. ಒಂದು ವೀರ್ಯಾಣು ಬಲಿಯಲು ಎರಡು ತಿಂಗಳಿಗೂ ಹೆಚ್ಚು ಕಾಲ ಬೇಕು. ಗುಳಿಗೆಯ ನೆಚ್ಚಿಕೆಯಲ್ಲಿ ವರ್ಷಗಳನ್ನು ಕಳೆದವರಿಗೆ ಆ ಕಾಲವನ್ನು ಮರಳಿ ಕೊಡುವವರು ಯಾರು? ನಾಳೆ ಸಂಸಾರಸ್ಥರಾಗಲಿರುವ ಇಂದಿನ ವಿದ್ಯಾರ್ಥಿಗಳು ಈ ನಾಚಿಕೆಯನ್ನು ತೊರೆದು, ಹೆಂಡತಿಯೊಡನೆ ತಾವೂ ವೈದ್ಯರ ಬಾಗಿಲಿಗೆ ಹೋಗುವ ಧೈರ್ಯ ತಂದುಕೊಂಡರೆ, ಅದು ಯಾವ ಗುಳಿಗೆಯೂ ಕೊಡಲಾರದ ಉಪಕಾರವಾದೀತು.